ಇಪ್ಪತ್ತು ಮೂವತ್ತರ ಹುಡುಗರ ನಿಮಿರು ಸಮಸ್ಯೆ: ಮಾತ್ರೆ ಕೊಡೋ ಮುಂಚೆ ಏನು ಕೇಳಬೇಕು?

ಔಷಧಿ_ಕೌಂಟರ್ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಮೆಡಿಕಲ್ ಶಾಪ್ ಕಡೆಯಿಂದ ಪ್ರಶ್ನೆ. 22ರಿಂದ 35ರೊಳಗಿನ ಹುಡುಗರು ಅಂಗಡಿ ಖಾಲಿಯಾಗೋವರೆಗೂ ಟೂತ್‌ಪೇಸ್ಟ್ ನೋಡ್ತಾ ನಿಂತಿರ್ತಾರೆ, ಆಮೇಲೆ ದನಿ ತಗ್ಗಿಸಿ "ಅಣ್ಣ, ಆ ನೂರರದ್ದು ಒಂದು ಕೊಡ್ರಿ" ಅಂತಾರೆ. ಅಂದ್ರೆ ನಿಮಿರುವಿಕೆಗೆ ಕೊಡೋ ಸಿಲ್ಡೆನಾಫಿಲ್ 100 ಮಿಲಿಗ್ರಾಂ ಮಾತ್ರೆ. ಚೀಟಿ ಇರಲ್ಲ. ಇದು ಷೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಕೊಡಂಗಿಲ್ಲ ಅಂದ್ರೆ ಗೋಡೆ ಮೇಲೆ ಬರೆದಿರೋ "ನರದೌರ್ಬಲ್ಯ, ಗುಪ್ತರೋಗ" ನಂಬರಿಗೆ ಫೋನ್ ಹಚ್ತಾರೆ. ಬರೀ "ಇಲ್ಲ" ಅಂದು ಕಳಿಸೋ ಬದಲು ನಾಲ್ಕು ಮಾತು ಸರಿಯಾಗಿ ಹೇಳಿ ಕಳಿಸೋಣ ಅಂತ.

ಈ ವಯಸ್ಸಲ್ಲಿ ಇದು ಮನಸ್ಸಿಂದೋ ದೇಹದ್ದೋ ಅಂತ ಒಂದೆರಡು ಪ್ರಶ್ನೆಯಲ್ಲಿ ಗೊತ್ತಾಗುತ್ತಾ? 100 ಮಿಲಿಗ್ರಾಂ ತಗೊಂಡ್ರೂ ಏನೂ ಆಗ್ಲಿಲ್ಲ ಅನ್ನೋರಿಗೆ ಎಲ್ಲಿ ತಪ್ಪಿರುತ್ತೆ? ಯಾವ ಡಾಕ್ಟರ ಹತ್ರ ಕಳಿಸ್ಬೇಕು, ಏನೇನು ಟೆಸ್ಟು?

ಯೂರಾಲಜಿ_ಓಪಿಡಿ:

ಎಲ್ಲಕ್ಕಿಂತ ಮೊದಲು ಅವನ ಮಾತಿನ ಅರ್ಥ ಬಿಡಿಸಿಕೊಳ್ಳಿ. ನಮ್ಮ ಕಡೆ "ನಿಲ್ಲಲ್ಲ ಸಾರ್" ಅನ್ನೋ ಒಂದೇ ಪದದಲ್ಲಿ ಮೂರು ಬೇರೆ ಬೇರೆ ತೊಂದರೆ ಅಡಗಿರುತ್ತೆ. ಏಳೋದೇ ಇಲ್ಲ ಅನ್ನೋದು ಒಂದು, ಎದ್ದದ್ದು ನಡುವೆ ಬಿದ್ದುಹೋಗುತ್ತೆ ಅನ್ನೋದು ಇನ್ನೊಂದು, ಒಂದು ನಿಮಿಷದೊಳಗೆ ವೀರ್ಯ ಹೋಗಿಬಿಡುತ್ತೆ ಅನ್ನೋದು ಮತ್ತೊಂದು. ಕೊನೇದು ಶೀಘ್ರಸ್ಖಲನ, ಅದರ ದಾರಿಯೇ ಬೇರೆ. ವೀರ್ಯ ಹೋದ ಮೇಲೆ ಮೆತ್ತಗಾಗೋದಂತೂ ಕಾಯಿಲೆಯೇ ಅಲ್ಲ. ನಿಮಿರು ಸಮಸ್ಯೆ, ಶೀಘ್ರಸ್ಖಲನ ಎರಡೂ ಒಟ್ಟಿಗೇ ಇದ್ದರೆ ಮೊದಲು ನಿಮಿರುವಿಕೆ ಸರಿಮಾಡಬೇಕು. ಬಿದ್ದುಹೋದೀತು ಅನ್ನೋ ಭಯಕ್ಕೆ ಅವಸರ ಮಾಡಿ, ಆ ಅವಸರದಲ್ಲೇ ಬೇಗ ಆಗಿರುತ್ತೆ.

ಆಮೇಲೆ ಕೇಳಬೇಕಾದ್ದು: "ಬೆಳಿಗ್ಗೆ ಎದ್ದಾಗ ಗಟ್ಟಿ ಇರುತ್ತಾ?" ಆರೋಗ್ಯವಾಗಿರೋ ಗಂಡಸಿಗೆ ರಾತ್ರಿ ಕನಸು ಬೀಳೋ ಹಂತದ ನಿದ್ದೆಯಲ್ಲಿ ಮೂರರಿಂದ ಐದು ಸಲ ತಾನಾಗೇ ನಿಮಿರುತ್ತೆ, ಬೆಳಗಿನದು ಅದರ ಕೊನೇ ಕಂತು. ಅದು ಇದೆ, ಒಬ್ಬನೇ ಇದ್ದಾಗಲೂ ತೊಂದರೆ ಇಲ್ಲ, ಹೆಂಡತಿ ಹತ್ತಿರ ಮಾತ್ರ ಕೈಕೊಡುತ್ತೆ ಅಂದರೆ ರಕ್ತನಾಳ, ನರ, ಹಾರ್ಮೋನು ಬಹುತೇಕ ನೆಟ್ಟಗಿವೆ. ಇಂಥ ದಿನದಿಂದ ಇದ್ದಕ್ಕಿದ್ದಂತೆ ಶುರು ಅಂತ ತಾರೀಕು ಹೇಳೋನದ್ದೂ ಸಾಮಾನ್ಯವಾಗಿ ಮನಸ್ಸಿನ ಕಡೆಗೇ. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪ ಇಳೀತಾ ಬಂದು ಬೆಳಗಿನದೂ ನಿಂತಿದ್ದರೆ ದೇಹದಲ್ಲಿ ಹುಡುಕಬೇಕು. ಖಿನ್ನತೆ ಇರೋರಿಗೆ, ನೈಟ್ ಶಿಫ್ಟಲ್ಲಿ ನಿದ್ದೆ ಕೆಟ್ಟೋರಿಗೆ, ಗೊರಕೆ ಹೊಡೆದು ಉಸಿರು ಕಟ್ಟೋರಿಗೂ ಬೆಳಗಿನದು ಕಡಿಮೆ ಆಗುತ್ತೆ, ಅದನ್ನೂ ಕೇಳಿ. ಎರಡು ಸಲ ಆಗಲಿಲ್ಲ ಅಂದಮಾತ್ರಕ್ಕೆ ರೋಗ ಅಲ್ಲ. ಮೂರು ತಿಂಗಳಾದರೂ ಮುಂದುವರಿದಿರಬೇಕು.

ದೇಹದ ಕಾರಣಗಳಲ್ಲಿ ಮೂವತ್ತರ ಆಸುಪಾಸಲ್ಲಿ ಮೊದಲು ನೋಡೋದು ಸಕ್ಕರೆ, ಬಿಪಿ, ತಂಬಾಕು. ಶಿಶ್ನದ ರಕ್ತನಾಳ 1ರಿಂದ 2 ಮಿಲಿಮೀಟರ್ ದಪ್ಪ, ಹೃದಯದ್ದು 3ರಿಂದ 4. ಒಂದೇ ಕೊಬ್ಬು ಎರಡರಲ್ಲೂ ಕಟ್ಟುತ್ತಾ ಬಂದರೆ ಸಣ್ಣದರಲ್ಲಿ ಮೊದಲು ಗೊತ್ತಾಗುತ್ತೆ, ಎದೆನೋವಿಗಿಂತ ಎರಡರಿಂದ ಐದು ವರ್ಷ ಮುಂಚೆ. ಸಿಗರೇಟು ಬಿಟ್ಟಿದ್ದೀನಿ ಅಂದ ತಕ್ಷಣ ನಂಬಬೇಡಿ, ಜೇಬಲ್ಲಿ ಗುಟ್ಕಾ ಇದ್ದರೆ ನಿಕೋಟಿನ್ ಲೆಕ್ಕ ಹಾಗೇ ಉಳಿದಿದೆ.

ಟೆಸ್ಟು: ಬಿಪಿ, ಸೊಂಟದ ಸುತ್ತಳತೆ (90 ಸೆಂಟಿಮೀಟರ್ ದಾಟಬಾರದು), ಖಾಲಿ ಹೊಟ್ಟೆ ಸಕ್ಕರೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಲಿಪಿಡ್ (ರಕ್ತದ ಕೊಬ್ಬು). ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, 5.7ರಿಂದ 6.4 ಆದರೆ ಹೊಸ್ತಿಲಲ್ಲಿದ್ದಾನೆ. ಕೈಯಿಂದ ಪರೀಕ್ಷೆ ಮಾಡೋದನ್ನ ಬಿಡೋ ಹಾಗಿಲ್ಲ. ಮುಂದೊಗಲು ಬಿಗಿಯಾಗಿ ನೋವಾಗೋದು, ಒಳಗೆ ಗಂಟು ಕಟ್ಟಿ ಬಾಗಿರೋದು, ವೃಷಣ ಸಣ್ಣದಾಗಿರೋದು ಯಾವ ರಕ್ತಪರೀಕ್ಷೆಯಲ್ಲೂ ಕಾಣಲ್ಲ.

ಡಾಪ್ಲರ್ ಅನ್ನೋ ರಕ್ತಹರಿವಿನ ಸ್ಕ್ಯಾನ್ ಮೊದಲನೇ ದಿನವೇ ಬೇಡ. ಬೈಕ್ ಅಪಘಾತದಲ್ಲಿ ಸೊಂಟದ ಮೂಳೆ ಮುರಿದವನಿಗೆ, ಅಥವಾ ಮಾತ್ರೆ ಸರಿಯಾಗಿ ತಗೊಂಡೂ ಫಲ ಕಾಣದವನಿಗೆ ಮಾಡಿಸೋದು. ಶಿಶ್ನಕ್ಕೆ ಇಂಜೆಕ್ಷನ್ ಕೊಟ್ಟು ರಕ್ತದ ವೇಗ ಅಳೀತಾರೆ. ಒಳಹರಿವು ಸೆಕೆಂಡಿಗೆ 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ನಾಳದ ತೊಂದರೆ, ಕೊನೆಯ ಹರಿವು 5ಕ್ಕಿಂತ ಮೇಲೇ ಉಳಿದರೆ ಸಿರೆಯ ಸೋರಿಕೆ ಅಂತ ವರದಿ ಬರುತ್ತೆ. ಹುಡುಗರಲ್ಲಿ ಎಡವಟ್ಟಾಗೋದು ಇಲ್ಲೇ. ತಣ್ಣನೆ ಕೋಣೆ, ಸೂಜಿ ಭಯ, ಅಪರಿಚಿತರ ಎದುರು ನಾಚಿಕೆ ಎಲ್ಲ ಸೇರಿ ಅಡ್ರಿನಲಿನ್ ಅನ್ನೋ ಭಯದ ಹಾರ್ಮೋನು ಏರಿರುತ್ತೆ, ಸ್ನಾಯು ಪೂರ್ತಿ ಸಡಿಲ ಆಗಿರಲ್ಲ, ಸೋರಿಕೆ ಇಲ್ಲದಿದ್ದರೂ ಇದೆ ಅಂತ ಬರುತ್ತೆ. ಇಂಜೆಕ್ಷನ್ ಆದ ಮೇಲೆ ಎಷ್ಟು ಗಟ್ಟಿಯಾಗಿತ್ತು ಅಂತ ವರದಿಯಲ್ಲಿ ಬರೆದಿರಬೇಕು, ಬರೆದಿಲ್ಲದಿದ್ದರೆ ಆ ಅಂಕಿಗೆ ಬೆಲೆ ಕೊಡಬೇಡಿ.

ಮನೋವೈದ್ಯೆ_ದುರ್ಗ:

"ಮನಸ್ಸಿಂದು" ಅಂದ ತಕ್ಷಣ ಹುಡುಗ "ಹಂಗಾದ್ರೆ ನಂದು ನಾಟಕ ಅಂತೀರಾ?" ಅಂದುಕೊಳ್ತಾನೆ. ಆ ಪದ ಬಿಟ್ಟು ಅಡ್ರಿನಲಿನ್ ಅಂತ ಹೇಳಿ ನೋಡಿ. ನಾಯಿ ಅಟ್ಟಿಸಿಕೊಂಡು ಬರುವಾಗ ಯಾರಿಗೂ ನಿಮಿರಲ್ಲ, ದೇಹ ರಕ್ತವನ್ನ ಕಾಲಿಗೆ ಕಳಿಸಿರುತ್ತೆ. "ಇವತ್ತು ಆಗದಿದ್ರೆ ಮರ್ಯಾದೆ ಹೋಯ್ತು" ಅನ್ನೋ ಯೋಚನೆಗೂ ದೇಹ ಅದೇ ರಸ ಸುರಿಸುತ್ತೆ. ಅದು ಶಿಶ್ನದ ಸ್ನಾಯುವನ್ನ ನಿಜವಾಗಿಯೇ ಬಿಗಿ ಹಿಡಿಯುತ್ತೆ, ನಾಟಕ ಏನಿಲ್ಲ.

ಪ್ರಸ್ತದ ರಾತ್ರಿಯ ಲೆಕ್ಕ ಹಾಕಿ. ಎರಡು ದಿನ ನಿದ್ದೆ ಇಲ್ಲ, ಮನೆ ತುಂಬ ನೆಂಟರು, ಬಾಗಿಲಾಚೆ ಅತ್ತಿಗೆಯಂದಿರ ನಗು, ಹುಡುಗಿಯ ಜೊತೆ ಸರಿಯಾಗಿ ಮಾತಾಡಿ ವಾರವೂ ಆಗಿರಲ್ಲ. ಅವತ್ತು ಆಗದೇ ಇರೋದು ಸಹಜ. ಆದರೆ ಮರುದಿನದಿಂದ ಅವನು ತನ್ನನ್ನೇ ಪರೀಕ್ಷೆ ಮಾಡಿಕೊಳ್ಳೋಕೆ ಶುರು ಮಾಡ್ತಾನೆ, "ಎದ್ದಿತಾ, ಬಿತ್ತಾ" ಅಂತ ಹೊರಗೆ ನಿಂತು ನೋಡೋ ಅಂಪೈರ್ ಆಗ್ತಾನೆ. ಎರಡನೇ ಸೋಲಿಗೆ ಅಷ್ಟೇ ಸಾಕು.

ಇದಕ್ಕೆ ಇರೋ ಚಿಕಿತ್ಸೆ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸ. ಮೊದಲ ಎರಡು ವಾರ ಸಂಭೋಗ ಬಂದ್, ಇಬ್ಬರೂ ಒಪ್ಪಿ ಹಾಕಿಕೊಂಡ ನಿಯಮ. ವಾರಕ್ಕೆ ಎರಡು ಮೂರು ಸಲ, ಅರ್ಧ ಗಂಟೆ, ಬೆನ್ನು ತೋಳು ಕಾಲು ಸವರೋದು ಮಾತ್ರ; ಜನನಾಂಗ, ಎದೆ ಮುಟ್ಟೋ ಹಾಗಿಲ್ಲ. ಆಮೇಲೆ ಅದನ್ನೂ ಸೇರಿಸಿ, ಆದರೆ ಗಟ್ಟಿಯಾದಾಗ ಬೇಕಂತಲೇ ಬಿಟ್ಟು ಮೆತ್ತಗಾಗೋಕೆ ಬಿಡಿ, ಮತ್ತೆ ಶುರು ಮಾಡಿ. ಹೋದದ್ದು ವಾಪಸ್ ಬರುತ್ತೆ ಅಂತ ಕಣ್ಣಾರೆ ಕಂಡಾಗಲೇ ಭಯ ಇಳಿಯೋದು, ಬಾಯಿ ಮಾತಿಗೆ ಇಳಿಯಲ್ಲ. ಮೂರನೇ ಹಂತ ಒಳಸೇರಿಸಿ ಅಲುಗಾಡದೆ ಇರೋದು, ಕೊನೆಗೆ ಪೂರ್ಣ ಸಂಭೋಗ. ಕೆಡೋದು ಒಂದೇ ಜಾಗದಲ್ಲಿ: ನಾಲ್ಕನೇ ದಿನ ಚೆನ್ನಾಗಿ ಎದ್ದಿತು ಅಂತ ನಿಯಮ ಮುರಿದು ಪ್ರಯತ್ನ ಮಾಡ್ತಾರೆ, ಬಿದ್ದುಹೋಗುತ್ತೆ, ಮತ್ತೆ ಮೊದಲಿಂದ. ಕೂಡುಕುಟುಂಬದಲ್ಲಿ ಕೋಣೆಗೆ ಗಟ್ಟಿ ಚಿಲಕ ಇದೆಯಾ ಅಂತಲೂ ಕೇಳ್ತೀನಿ. ಚಿಲಕ ಇಲ್ಲದ ಕೋಣೆಯಲ್ಲಿ ಈ ಚಿಕಿತ್ಸೆ ನಡೆಯಲ್ಲ.

ಹೆಂಡತಿಯನ್ನೂ ಕರೆಸಬೇಕು. ಅವರಿಗೆ ನೋವು, ಯೋನಿ ಸ್ನಾಯು ಬಿಗಿಯಾಗೋ ತೊಂದರೆ ಇದ್ದು, ದೂರು ಮಾತ್ರ ಗಂಡನ ತಲೆ ಮೇಲೆ ಬಂದಿರೋದು ಅಪರೂಪ ಅಲ್ಲ.

ಇನ್ನು ಧಾತು. ಹಸ್ತಮೈಥುನದಿಂದ ಶಕ್ತಿ ಸೋರಿಹೋಯ್ತು, ನರ ಸತ್ತುಹೋಯ್ತು ಅನ್ನೋ ಭಯವನ್ನ 1960ರಲ್ಲೇ ಎನ್. ಎನ್. ವಿಗ್ ಅವರು ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟು ದಾಖಲಿಸಿದರು. ವೀರ್ಯದ ಬಹುಪಾಲು ಸೆಮಿನಲ್ ವೆಸಿಕಲ್ ಮತ್ತು ಪ್ರಾಸ್ಟೇಟ್ ಅನ್ನೋ ಗ್ರಂಥಿಗಳ ದ್ರವ, ಹೋದಷ್ಟೂ ಉತ್ಪತ್ತಿ ಆಗುತ್ತೆ. ಈ ಭಯದಿಂದ ನಿಮಿರುವಿಕೆ ಕೆಡುತ್ತೆ, ಹಸ್ತಮೈಥುನದಿಂದಲ್ಲ.

ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ಥರದ ಖಿನ್ನತೆ ಮಾತ್ರೆ ತಗೊಳ್ತಾ ಇದ್ದರೆ ಆಸೆ, ನಿಮಿರುವಿಕೆ, ಸ್ಖಲನ ಮೂರೂ ಕುಗ್ಗಬಹುದು. ಹಾಗಂತ ಕೌಂಟರಲ್ಲಿ "ಬಿಟ್ಟುಬಿಡು" ಅನ್ನಬೇಡಿ, ತಲೆಸುತ್ತು, ಆತಂಕ ವಾಪಸ್ ಬರುತ್ತೆ. ಬರೆದ ವೈದ್ಯರೇ ಪ್ರಮಾಣ ಇಳಿಸಬೇಕು ಅಥವಾ ಬೇರೆ ಔಷಧಿಗೆ ಬದಲಿಸಬೇಕು. ಮುಖ ತೋರಿಸೋಕೆ ನಾಚೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೊಡಿ, ಕನ್ನಡದಲ್ಲೇ ಮಾತಾಡ್ತಾರೆ.

ಫಾರ್ಮಕಾಲಜಿ_ಮೇಷ್ಟ್ರು:

ಎರಡನೇ ಪ್ರಶ್ನೆ ನನ್ನ ಪಾಲಿಗೆ. ಭದ್ರಾ ನಾಲೆಯ ಬಯಲಿನೋರಿಗೆ ಇದನ್ನ ಹೇಳೋದು ಸುಲಭ. ಕಾಮ ಕೆರಳಿದಾಗ ನರದ ತುದಿಯಿಂದ ನೈಟ್ರಿಕ್ ಆಕ್ಸೈಡ್ ಬರುತ್ತೆ, ಅದರಿಂದ ಸೈಕ್ಲಿಕ್ ಜಿಎಂಪಿ ಹುಟ್ಟುತ್ತೆ, ಅದು ಶಿಶ್ನದೊಳಗಿನ ಸ್ನಾಯು ಸಡಿಲಿಸಿ ರಕ್ತ ತುಂಬಿಸುತ್ತೆ. ಪಿಡಿಇ-5 ಅನ್ನೋ ಕಿಣ್ವ ಆ ಜಿಎಂಪಿಯನ್ನ ಒಡೀತಾ ಇರುತ್ತೆ. ಸಿಲ್ಡೆನಾಫಿಲ್ ಆ ಕಿಣ್ವವನ್ನ ತಡೆಯುತ್ತೆ, ಅಷ್ಟೇ ಅದರ ಕೆಲಸ. ಗದ್ದೆ ಬದು ಒಡೆದು ನೀರು ಹೋಗೋ ಕಡೆ ಮಣ್ಣು ಹಾಕಿದ ಹಾಗೆ. ನಾಲೆಗೇ ನೀರು ಬಿಟ್ಟಿಲ್ಲ ಅಂದ್ರೆ ಬದು ಕಟ್ಟಿ ಏನು ಬಂತು? ಮಾತ್ರೆ ನುಂಗಿ ಮೊಬೈಲ್ ನೋಡ್ತಾ "ಯಾವಾಗ ಏಳುತ್ತೆ" ಅಂತ ಕಾಯೋನಿಗೆ ಏಳಲ್ಲ.

ಎರಡನೇ ತಪ್ಪು ಊಟ. ಬೆಣ್ಣೆದೋಸೆ, ಬಿರಿಯಾನಿ ಹೊಡೆದು ಮೇಲೆ ಸಿಲ್ಡೆನಾಫಿಲ್ ಹಾಕಿದ್ರೆ ಅದು ರಕ್ತಕ್ಕೆ ಸೇರೋದು ಸುಮಾರು ಒಂದು ಗಂಟೆ ತಡ, ಗರಿಷ್ಠ ಮಟ್ಟವೂ ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತೆ. ಖಾಲಿ ಹೊಟ್ಟೆ ಅಥವಾ ಹಗುರ ಊಟ, ಒಂದು ಗಂಟೆ ಮುಂಚೆ, ದಿನಕ್ಕೆ ಒಂದೇ ಸಲ. ಡಾಕ್ಟರು ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ ಶುರು ಮಾಡಿ 25ಕ್ಕೆ ಇಳಿಸ್ತಾರೆ ಇಲ್ಲಾ 100ಕ್ಕೆ ಏರಿಸ್ತಾರೆ. ಹುಡುಗರು ನೇರ 100ಕ್ಕೇ ಕೈ ಹಾಕೋದರಿಂದ ತಲೆನೋವು, ಮುಖ ಕೆಂಪು, ಮೂಗು ಕಟ್ಟೋದು, ಕಣ್ಣಿಗೆ ನೀಲಿ ಛಾಯೆ ಬಂದು ಗಾಬರಿಯಾಗ್ತಾರೆ. ಗಾಬರಿ ಅಂದ್ರೆ ಮತ್ತೆ ಅಡ್ರಿನಲಿನ್. ಇದೇ ಜಾತಿಯ ಇನ್ನೊಂದು ಔಷಧಿ ತಡಲಾಫಿಲ್‌ಗೆ ಊಟದ ಹಂಗಿಲ್ಲ, 36 ಗಂಟೆವರೆಗೂ ಪ್ರಭಾವ ಇರುತ್ತೆ, ಬೇಕಾದಾಗ 10 ಅಥವಾ 20, ಇಲ್ಲಾ ದಿನಾ 2.5ರಿಂದ 5. ಗಡಿಯಾರ ನೋಡೋ ಸ್ವಭಾವದೋನಿಗೆ ಈ ದಿನದ ಸಣ್ಣ ಪ್ರಮಾಣವೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಯಾವುದೇ ಆದ್ರೂ ಸರಿಯಾದ ಪ್ರಮಾಣದಲ್ಲಿ ಆರು ಸಲವಾದರೂ ನೋಡದೆ "ಫೇಲ್" ಅನ್ನಬಾರದು.

ಡಪಾಕ್ಸೆಟಿನ್ ಸೇರಿಸಿದ ಜೋಡಿ ಮಾತ್ರೆಯನ್ನ "ಇದು ಇನ್ನೂ ಸ್ಟ್ರಾಂಗು" ಅಂತ ಕೊಡೋ ಅಭ್ಯಾಸ ಕೆಲವು ಕಡೆ ಇದೆ. ಅದು ಶೀಘ್ರಸ್ಖಲನದ ಔಷಧಿ. ಮೇಲೆ ಡಾಕ್ಟರಮ್ಮ ಹೇಳಿದ ಖಿನ್ನತೆ ಮಾತ್ರೆಗಳ ಜೊತೆಗೆ, ಟ್ರಮಡಾಲ್ ಅನ್ನೋ ನೋವಿನ ಔಷಧಿ ಜೊತೆಗೆ ಅದನ್ನ ಸೇರಿಸೋ ಹಾಗೇ ಇಲ್ಲ. "ಪಕ್ಕಾ ಆಯುರ್ವೇದ, ಅರ್ಧ ಗಂಟೆಯಲ್ಲಿ ರಿಸಲ್ಟ್" ಅನ್ನೋ ಪುಡಿಯಲ್ಲಿ ಅಳತೆ ಇಲ್ಲದ ಸಿಲ್ಡೆನಾಫಿಲ್ ಬೆರೆಸಿರೋದು ಹಲವು ದೇಶಗಳ ಔಷಧ ಪರೀಕ್ಷೆಗಳಲ್ಲಿ ಸಿಕ್ಕಿದೆ. ಬೇರು ನಾರು ಅರ್ಧ ಗಂಟೆಯಲ್ಲಿ ಕೆಲಸ ಮಾಡಿದ್ರೆ ಅನುಮಾನ ಪಡಿ. ಅಂದಹಾಗೆ, ಆ ಗೋಡೆ ಬರಹದ ಥರ ಲೈಂಗಿಕ ಶಕ್ತಿಗೆ ಔಷಧಿ ಅಂತ ಜಾಹೀರಾತು ಕೊಡೋದನ್ನ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ.

ಹಾರ್ಮೋನ್_ನೋಟ:

ಯೂರಾಲಜಿಯವರ ಪಟ್ಟಿಯಲ್ಲಿ ಟೆಸ್ಟೋಸ್ಟೆರಾನ್ ಕಾಣಲಿಲ್ಲ. ಈ ದೂರು ಇಟ್ಟುಕೊಂಡು ಬಂದ ಎಲ್ಲರಿಗೂ ಬೆಳಗಿನ ಟೆಸ್ಟೋಸ್ಟೆರಾನ್ (ಗಂಡಸಿನ ಹಾರ್ಮೋನು) ನೋಡಬೇಕು ಅಂತಲೇ ಅಮೆರಿಕದ ಯೂರಾಲಜಿ ಸಂಘದ ಮಾರ್ಗಸೂಚಿ ಇದೆ. ಬೆಳಿಗ್ಗೆ 8ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ. ಸಂಜೆ ಕೆಲಸ ಮುಗಿಸಿ ಲ್ಯಾಬಿಗೆ ಹೋಗಿ ಕೊಟ್ಟ ರಕ್ತದಲ್ಲಿ ಸಹಜವಾಗೇ ಕಡಿಮೆ ಬರುತ್ತೆ. ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಿ, ಎರಡನೇ ಸಲವೂ ಕಡಿಮೆ ಇದ್ದರೆ ಎಲ್‌ಎಚ್, ಪ್ರೊಲ್ಯಾಕ್ಟಿನ್ ಅನ್ನೋ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ಟೆಸ್ಟು. ಥೈರಾಯ್ಡ್ ಲಕ್ಷಣ ಇದ್ದರೆ ಟಿಎಸ್‌ಎಚ್.

ಜಿಮ್ ಹುಡುಗರನ್ನ ಬೇರೆಯಾಗೇ ವಿಚಾರಿಸಿ. ಹೊರಗಿಂದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬಂದರೆ ಮೆದುಳು ವೃಷಣಕ್ಕೆ ಆದೇಶ ಕಳಿಸೋದನ್ನ ನಿಲ್ಲಿಸುತ್ತೆ. ವೃಷಣ ಕುಗ್ಗುತ್ತೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಸೂಜಿ ಬಿಟ್ಟ ಮೇಲೆ ಸ್ವಂತ ಉತ್ಪತ್ತಿ ಶುರುವಾಗೋಕೆ ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಮೇಲೆ ಬೇಕು. ಆ ನಡುವಿನ ಕಾಲದಲ್ಲೇ ಇವರು ನಿಮ್ಮ ಕೌಂಟರಿಗೆ ಬರೋದು. ಮಕ್ಕಳು ಬೇಕು ಅನ್ನೋನಿಗೆ ನಿಜವಾಗಿ ಹಾರ್ಮೋನು ಕಡಿಮೆ ಇದ್ದರೂ ಟೆಸ್ಟೋಸ್ಟೆರಾನ್ ಕೊಡಲ್ಲ, ವೃಷಣದಿಂದಲೇ ಉತ್ಪತ್ತಿ ಮಾಡಿಸೋ ಎಚ್‌ಸಿಜಿ ಅಥವಾ ಕ್ಲೋಮಿಫೀನ್ ಔಷಧಿಯ ದಾರಿ ಇದೆ, ಅದೂ ತಜ್ಞರ ಕೈಯಲ್ಲೇ.

ಯೂರಾಲಜಿ_ಓಪಿಡಿ:

ಒಪ್ಪಿದೆ, ಸೇರಿಸಬೇಕಿತ್ತು. ಬೆಳಗಿನದು ಗಟ್ಟಿ ಇದ್ದು ಆಸೆಯೂ ಚೆನ್ನಾಗಿರೋನಲ್ಲಿ ಅದು ಕಡಿಮೆ ಬರೋದು ಅಪರೂಪ, ಆ ಖರ್ಚು ಎಲ್ಲರಿಗೂ ಹೊರಿಸಬೇಕಾ ಅಂತ ಒಂದು ಹಿಂಜರಿಕೆ ಅಷ್ಟೇ. ಎಲ್ಲಿಗೆ ಕಳಿಸೋದು ಅಂದ್ರೆ, ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆಯಿಂದ ಶುರು ಮಾಡಿಸಿ. ಬೆಳಗಿನದು ಇರೋನಿಗೆ ಮನೋವೈದ್ಯರು, ಇಲ್ಲದೋನಿಗೆ ಫಿಸಿಶಿಯನ್ ಇಲ್ಲಾ ಯೂರಾಲಜಿಸ್ಟ್. ತೂಕ ಜಾಸ್ತಿ ಇರೋನಿಗೆ ಬೆವರು ಬರೋ ವ್ಯಾಯಾಮ, ದಿನಕ್ಕೆ 40 ನಿಮಿಷ, ವಾರಕ್ಕೆ ನಾಲ್ಕು ದಿನ, ಆರು ತಿಂಗಳು ಅಂತ ಬರೆದೇ ಕೊಡಿ. ಶಾಕ್‌ವೇವ್ (ಕಂಪನದ ಅಲೆ), ಪಿಆರ್‌ಪಿ (ಸ್ವಂತ ರಕ್ತದ ಪ್ಲೇಟ್‌ಲೆಟ್ ಇಂಜೆಕ್ಷನ್) ಪ್ಯಾಕೇಜ್ ಅಂತ ಸಾವಿರಾರು ರೂಪಾಯಿ ಕೇಳಿದ್ರೆ ಎದ್ದು ಬರಲಿ, ಅವು ಇನ್ನೂ ಪ್ರಯೋಗದ ಹಂತದವು.

ಔಷಧಿ_ಕೌಂಟರ್ (ದಾವಣಗೆರೆ):

ಎಲ್ಲರಿಗೂ ಧನ್ಯವಾದ. ಇನ್ನೊಂದೇ. ಎದೆನೋವಿಗೆ ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಮಾತ್ರೆ ಜೊತೆ ಇದನ್ನ ಕೊಡಬಾರದು ಅಂತ ಗೊತ್ತು, ಆದ್ರೆ 25ರ ಹುಡುಗ ಸಾರ್ಬಿಟ್ರೇಟ್ ಯಾಕೆ ತಗೊಂಡಿರ್ತಾನೆ? ಅವರಿಗೂ ಈ ಪ್ರಶ್ನೆ ಬೇಕಾ?

ಫಾರ್ಮಕಾಲಜಿ_ಮೇಷ್ಟ್ರು:

ಬೇಕು. ಅವನು ತಗೊಳ್ತಿರಲ್ಲ, ಮನೆಯಲ್ಲಿ ಅಪ್ಪ ತಗೊಳ್ತಿರ್ತಾರೆ. ಮಾತ್ರೆ ಹಾಕಿದ ರಾತ್ರಿ ಎದೆ ಹಿಡಿದ ಹಾಗಾದ್ರೆ ಮನೆಯೋರು ಮೊದಲು ಮಾಡೋದೇ ಅಪ್ಪನ ಡಬ್ಬಿಯಿಂದ ಒಂದು ತೆಗೆದು ನಾಲಿಗೆ ಕೆಳಗೆ ಇಡೋದು. ಎರಡೂ ಸೇರಿದ್ರೆ ಬಿಪಿ ಪಾತಾಳಕ್ಕೆ ಹೋಗುತ್ತೆ. ಸಿಲ್ಡೆನಾಫಿಲ್ ಆದ್ಮೇಲೆ 24 ಗಂಟೆ, ತಡಲಾಫಿಲ್ ಆದ್ಮೇಲೆ 48 ಗಂಟೆ ಸಾರ್ಬಿಟ್ರೇಟ್ ಮುಟ್ಟೋ ಹಾಗಿಲ್ಲ. 108ಕ್ಕೆ ಫೋನ್ ಮಾಡಿ, ಯಾವ ಮಾತ್ರೆ, ಎಷ್ಟು ಗಂಟೆಗೆ ತಗೊಂಡೆ ಅಂತ ನಾಚದೆ ಹೇಳಬೇಕು. ನಿಮಿರಿದ್ದು ನಾಲ್ಕು ಗಂಟೆ ದಾಟಿದರೂ ಇಳಿಯದೆ ನೋಯ್ತಾ ಇದ್ರೆ ಆವಾಗಲೂ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ, ಆ ರಾತ್ರಿಯೇ ತುರ್ತು ವಿಭಾಗ.