ಗುಳೆ ಹೋಗೋರೆಲ್ಲ ಹೊಲಕ್ಕೆ ಹೆಚ್ಚಾದ ಮಂದಿನಾ?

ಕೊಪ್ಪಳ_ಉಪನ್ಯಾಸಕ: ಪರೀಕ್ಷೆ ಬರಿಯೋರಿಗೆ. ಅಭಿವೃದ್ಧಿಶೀಲ ದೇಶದ ಲಕ್ಷಣ ಕೇಳಿದ್ರ ಕಡಿಮೆ ತಲಾ ಆದಾಯ, ಬಂಡವಾಳದ ಕೊರತೆ, ಜನಸಂಖ್ಯೆ ಒತ್ತಡ, ಕಚ್ಚಾವಸ್ತು ರಫ್ತು, ಪ್ರಚ್ಛನ್ನ ನಿರುದ್ಯೋಗ (ಬೇಕಾದ್ದಕ್ಕಿಂತ ಹೆಚ್ಚು ಮಂದಿ ಒಂದಾ ಕೆಲಸದಾಗ ಇರೂದು, ಕೆಲವರು ಹೋದ್ರೂ ಉತ್ಪನ್ನ ಇಳಿಯಂಗಿಲ್ಲ) ಬಿಡಬ್ಯಾಡ್ರಿ. 2023-24ರ ಕಾರ್ಮಿಕ ಸಮೀಕ್ಷೆಯಾಗ ದುಡಿಯೋ ನೂರು ಮಂದಿಯಾಗ 46 ಮಂದಿ ಕೃಷಿಯಾಗ ಅದಾರ, ದೇಶದ ಆದಾಯದಾಗ ಕೃಷಿ ಪಾಲು ನೂರಕ್ಕ 18ರ ಆಸುಪಾಸು. ಯಲಬುರ್ಗಾ, ಕುಷ್ಟಗಿ ಕಡೆಯಿಂದ ಬೆಂಗಳೂರು, ಮಂಗಳೂರಿಗೆ ಗುಳೆ ಹೋಗ್ತಾರ, ಆದ್ರೂ ಹೊಲ ಬೀಳು ಬೀಳಂಗಿಲ್ಲ. ಅದಾ ಪ್ರಚ್ಛನ್ನ ನಿರುದ್ಯೋಗ.

ಸಂಡೂರು_ಅದಿರು: ಜನಸಂಖ್ಯೆ ಒತ್ತಡ ಅಂತ ಇನ್ನೂ ಎಷ್ಟು ವರ್ಷ ಬರೆಸ್ತೀರಾ ಸರ್? 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು ದೇಶಕ್ಕೆ 2.0, ಕರ್ನಾಟಕಕ್ಕೆ 1.7. ನಮಗೆ ಹೊಂದೋದು ಕಚ್ಚಾವಸ್ತು ರಫ್ತು ಒಂದೇ. ಚೀನಾ ಕಬ್ಬಿಣದ ಅದಿರು ಕೊಳ್ಳೋತನಕ ಬಳ್ಳಾರಿ ರಸ್ತೆ ತುಂಬಾ ಲಾರಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆದಾಗ ಲಾರಿ ನಿಂತವು, ಸಾಲದ ಕಂತು ನಿಲ್ಲಲಿಲ್ಲ.

ಮಾನ್ವಿ_ಕೊನೆಭಾಗ: "ಹೊಲ ಬೀಳು ಬೀಳಂಗಿಲ್ಲ" ಅಂದ್ರಲ್ಲ, ಯಾವ ತಿಂಗಳ ಮಾತ್ರಿ ಇದು? ತುಂಗಭದ್ರಾ ಎಡದಂಡೆ ಕಾಲುವಿಗೆ ನೀರು ಬಿಟ್ಟ ಮ್ಯಾಲ ಸಿಂಧನೂರಿನಿಂದ ಮಾನ್ವಿತನಕ ಎಲ್ಲಾರಿಗೂ ಒಮ್ಮೆಲೇ ಭತ್ತದ ನಾಟಿ ಆಗಬೇಕು. ಎಕರೆಕ್ಕ ಹತ್ತು-ಹನ್ನೆರಡು ಹೆಣ್ಣಾಳು ಬೇಕು. ಸಸಿ 25-30 ದಿನದಾಗ ಕೀಳಬೇಕು. 40 ದಾಟಿದ್ರ ತೆಂಡೆ (ಬುಡದಾಗಿನ ಹೊಸ ಕವಲು) ಒಡಿಯೂದು ಕಡಿಮಿ, ಇಳುವರಿ ಬೀಳ್ತದ. ಆಗ ಆಳು ಹುಡುಕಿದ್ರೂ ಸಿಗಂಗಿಲ್ಲ. ಮಂದಿ ಹೆಚ್ಚಾಗಿದ್ರ ಕೂಲಿ ಯಾಕ ಏರ್ತದ?

ಕೊಪ್ಪಳ_ಉಪನ್ಯಾಸಕ: ಕೂಲಿ ಏರೂದು ನೀರಾವರಿ ಸೀಮೆಯಾಗ. ನಾ ಹೇಳಿದ್ದು ಒಣಬೇಸಾಯ. ಐದು ಎಕರೆ ಸಜ್ಜಿ-ತೊಗರಿ ಹೊಲಕ್ಕ ಮೂವರು ಅಣ್ತಮ್ಮರು, ಇಬ್ರು ಹೋದ್ರೂ ಬೆಳಿ ಅಷ್ಟಾ. 1954ರಾಗ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಇದನ್ನಾ ಹೇಳಿದ್ದು, 1979ರಾಗ ನೊಬೆಲ್ ಸಿಕ್ಕೈತಿ.

ರಾಯಚೂರು_ಹತ್ತಿ: ನೊಬೆಲ್ ಲೆಕ್ಕಕ್ಕ ಬಂದ್ರ, ಅದೇ ವರ್ಷ ಅದೇ ಪ್ರಶಸ್ತಿ ಹಂಚಿಕೊಂಡವರು ಥಿಯೊಡೋರ್ ಶುಲ್ಟ್ಸ್. ಅವರ ವಾದ ನಿಮಗ ಪೂರ್ತಿ ವಿರುದ್ಧ. 1918-19ರ ಇನ್‌ಫ್ಲುಯೆಂಜಾದಾಗ ಭಾರತದಾಗ ಕೃಷಿ ದುಡಿಮೆಗಾರರು ನೂರಕ್ಕ 8ರಷ್ಟು ಕಡಿಮಿ ಆದ್ರು, ಬಿತ್ತನೆ ಆದ ಜಮೀನೂ ನೂರಕ್ಕ 3.8ರಷ್ಟು ಇಳೀತು ಅಂತ ಲೆಕ್ಕ ಹಾಕಿದ್ರು. ಯಾರೂ ಹೆಚ್ಚಾಗಿರಲಿಲ್ಲ ಅಂತಾಯ್ತು.

ಕೊಪ್ಪಳ_ಉಪನ್ಯಾಸಕ: 8ಕ್ಕ 3.8! ಅರ್ಧಕ್ಕಿಂತ ಕಡಿಮಿ ಐತಿ, ಅದು ನನ್ನ ಪರವಾಗೇ ಐತಿ. ಶುಲ್ಟ್ಸ್ ಅವರ ಆ ಲೆಕ್ಕವನ್ನ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಒಪ್ಪಿಲ್ಲ. ರೋಗ ಬಂದ್ರ ಮನಿಗೆ ಮನೀನೇ ಮಲಗತೈತಿ. ಗುಳೆ ಹಂಗಲ್ಲ, ಒಬ್ಬ ಹೋದ್ರ ಉಳಿದವರು ಅವನ ಕೆಲಸ ಹಂಚಿಕೊಂತಾರ.

ಮಾನ್ವಿ_ಕೊನೆಭಾಗ: "ಉಳಿದವರು" ಯಾರ್ರಿ? ಹೆಸರಿಟ್ಟು ಹೇಳ್ರಿ! ಕಳೆ ತಗಿಯೂದು, ಹತ್ತಿ ಬಿಡಿಸೂದು, ಎಮ್ಮಿ ನೋಡೂದು ಎಲ್ಲಾ ಹೆಣ್ಣುಮಕ್ಕಳ ಮ್ಯಾಲ ಬೀಳ್ತದ. ಅಣ್ಣ ಗುಳೆ ಹೋದ್ರ ಶಾಲಿ ಬಿಡಾಕಿ ತಂಗಿ. 2011ರ ಜನಗಣತಿಯಾಗ ರಾಯಚೂರು ಜಿಲ್ಲೆ ಹೆಣ್ಣುಮಕ್ಕಳ ಸಾಕ್ಷರತೆ 48.73, ಗಂಡಸರದು 70.47. ಆಕಿ ದುಡಿಮಿ ಲೆಕ್ಕಕ್ಕ ಹಿಡೀಲಾರದ "ಬೆಳಿ ಅಷ್ಟಾ" ಅಂತ ಬರೀತೀರಿ. ಇದು ದೊಡ್ಡ ಅನ್ಯಾಯ.

ಸಂಡೂರು_ಅದಿರು: ಸಾಕ್ಷರತೆ ಅಂದ್ರಲ್ಲ, ಬಳ್ಳಾರಿ ಜಿಲ್ಲೆ 67.43, ರಾಜ್ಯ 75.36. ಅಷ್ಟು ಅದಿರು ತೆಗೆದ ಜಿಲ್ಲೆ ಐತೆ ಇದು. ನನ್ನ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

ರಾಯಚೂರು_ಹತ್ತಿ: ಬಂಡವಾಳದ ಕೊರತೆ ಬಗ್ಗೆ ಒಬ್ರೂ ಬಾಯಿ ಬಿಟ್ಟಿಲ್ಲ. ಬಿತ್ತನಿಗೆ ದಲಾಲಿ ಅಂಗಡಿಯಾಗ 50,000 ತಂದ್ರ ನೂರಕ್ಕ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಎಂಟು ತಿಂಗಳಿಗೆ 8,000. ಹತ್ತಿನೂ ಅದೇ ಅಂಗಡಿಗೇ ಹಾಕಬೇಕು. ಸರ್ಕಾರಿ ಖರೀದಿ ಕೇಂದ್ರದಾಗ ಹತ್ತಿಯಾಗ ತೇವ ನೂರಕ್ಕ 8 ಇದ್ರ ಪೂರ್ತಿ ಬೆಂಬಲ ಬೆಲೆ, 12 ದಾಟಿದ್ರ ತಗೊಳ್ಳಂಗಿಲ್ಲ. ಒಣಗಿಸಿ ಕಾಯಾಕ ಸಾಲ ಬಿಡಂಗಿಲ್ಲ. ಗುಳೆ ಹೋಗೂದು ಈ ಬಡ್ಡಿ ತೀರಿಸಾಕ, ಹೊಲದಾಗ ಕೆಲಸ ಇಲ್ಲಂತಲ್ಲ.

ಕೊಪ್ಪಳ_ಉಪನ್ಯಾಸಕ: "ಬಡ್ಡಿ ತೀರಿಸಾಕ" ಹೋಗ್ಲಿ, ಯಾತಕ್ಕರ ಹೋಗ್ಲಿ, ಹೋದ ಮ್ಯಾಲ ಬೆಳಿ ಇಳೀತೇನು ಅನ್ನೂದು ಪ್ರಶ್ನೆ. ನಾಟಿ ಕಾಲದ ಮಾತಿಗೆ ಋತುಮಾನ ನಿರುದ್ಯೋಗ (ಕೆಲವು ತಿಂಗಳು ಮಾತ್ರ ಕೆಲಸ, ಉಳಿದ ತಿಂಗಳು ಇಲ್ಲ) ಅಂತ ಬ್ಯಾರೆ ಬರೀರಿ. ಪಟ್ಟಿಯಾಗಿಂದ ಪ್ರಚ್ಛನ್ನ ತಗಿಯಂಗಿಲ್ಲ.

ಮಾನ್ವಿ_ಕೊನೆಭಾಗ: ಮನ್ಯಾಗ ಉಳಿದ ಹೆಣ್ಣುಮಗಳು ಎಷ್ಟು ತಾಸು ದುಡೀತಾಳ ಅನ್ನೂದಕ್ಕ ಇನ್ನೂ ಉತ್ತರ ಬಂದಿಲ್ಲ ಸರ.