ಓಎನ್‌ಪೆಲ್ಲಿ ಹೆಬ್ಬಾವು ಎಲ್ಲಿ ಇರ್ತೈತ್ರಿ?

ಧಾರವಾಡ ಹುಡುಗ:
ಮೊನ್ನೆ ಒಂದ್ ವಿಡಿಯೋ ನೋಡ್ದೆ, ಓಎನ್‌ಪೆಲ್ಲಿ ಪೈಥಾನ್ ಅಂತ, ರಾತ್ರಿ ಆದ್ರ ಮೈಬಣ್ಣಾನ ಬದಲಾಗ್ತೈತಂತ, ಖರೇ ಏನ್ರಿ? ನಮ್ಮ ಕಪ್ಪತಗುಡ್ಡದಂಥಾ ಗುಡ್ಡದಾಗ ಇರ್ತೈತೇನು?

ಗದಗ ಉರಗಪ್ರೇಮಿ:
ಖರೇನ ಐತ್ರಿ. ಹಗಲು ಕಂದು, ರಾತ್ರಿ ಬೆಳ್ಳಗ ಬೂದಿ ಬಣ್ಣ. ಉತ್ತರ ಆಸ್ಟ್ರೇಲಿಯಾದಾಗ ಆರ್ನ್‌ಹೆಮ್ ಲ್ಯಾಂಡ್‌ನ ಪಶ್ಚಿಮ ಭಾಗ, ಕಾಕಡು ನ್ಯಾಷನಲ್ ಪಾರ್ಕ್ ಕಡೆ ಮರಳುಗಲ್ಲಿನ ಗುಡ್ಡ ಅದಾವಲ್ಲ, ಅಲ್ಲಿ ಬಿಟ್ರ ಜಗತ್ತಿನಾಗ ಬ್ಯಾರೆ ಎಲ್ಲೂ ಇಲ್ಲ. ವಿಜ್ಞಾನಿಗಳು ಹೆಸರಿಟ್ಟಿದ್ದು 1977ರಾಗ, ಅಲ್ಲಿನ ಮೂಲನಿವಾಸಿಗಳಿಗೆ ಮಾತ್ರ ಮೊದಲಿಂದಾನೂ ಗೊತ್ತಿತ್ತು, ನವರನ್ ಅಂತಾರ. 4 ಮೀಟರ್‌ ದಾಟಿ ಬೆಳಿತೈತಿ, ಆದ್ರ ನಮ್ಮ ಹೆಬ್ಬಾವಿನಂಗ ದಪ್ಪ ಅಲ್ಲ, ತೆಳ್ಳಗ. ಹಗಲೊತ್ತು ಕಲ್ಲಿನ ಸಂದ್ಯಾಗ, ಗವ್ಯಾಗ ಇದ್ದು ರಾತ್ರಿ ಬ್ಯಾಟಿಗೆ ಹೊರಬೀಳ್ತೈತಿ.

ಧಾರವಾಡ ಹುಡುಗ:
ಅಷ್ಟ್ ಕಡಿಮಿ ಯಾಕ್ರಿ ಮತ್ತ?

ಹುಬ್ಬಳ್ಳಿ ಅಕ್ಕ:
ಕಾಳ್ಗಿಚ್ಚು ಒಂದು, ತಿನ್ನೋ ಸಣ್ಣ ಪ್ರಾಣಿಗಳು ಕಡಿಮಿ ಆಗಿದ್ದು ಇನ್ನೊಂದು ತಮ್ಮಾ. ಇರೋದ ಒಂದ್ ಜಾಗಾ, ಅದೂ ಕೆಟ್ರ ಎಲ್ಲಿಗೆ ಹೋಗಬೇಕದು? ನಮ್ಮ ಹೆಬ್ಬಾವಿಗೂ 1972ರ ವನ್ಯಜೀವಿ ಕಾಯ್ದೆ ರಕ್ಷಣೆ ಐತಿ, ವಿಷಾನೂ ಇಲ್ಲ, ಹೊಲದಾಗ ಕಂಡ್ರ ಬಡಿಗಿ ಹಿಡಿಬ್ಯಾಡ್ರಿ, ಅರಣ್ಯ ಇಲಾಖೆಗೆ ಫೋನ್ ಹಚ್ರಿ.