ಪಿಯು ಮಕ್ಕಳಿಗೆ ಕ್ವಾಂಟಮ್ ಕಂಪ್ಯೂಟಿಂಗ್: ಎಲ್ಲಿಂದ ಶುರು ಮಾಡಲಿ? ನಿಮ್ಮ ಅನುಭವ ಹೇಳಿ

ಹಾಸನದ_ಮೇಷ್ಟ್ರು: ಒಂದು ಗಂಟೆಯಲ್ಲಿ ಸರಳವಾಗಿ ಹೇಳಿಕೊಡಬೇಕು. ಲ್ಯಾಬಿನಲ್ಲಿ ಇರುವುದು ಹಳೇ ಕಂಪ್ಯೂಟರುಗಳು, ನೆಟ್ ಆಗಾಗ ಕೈಕೊಡುತ್ತದೆ. ಕೋಡಿಂಗ್ ಮೊದಲೋ, ಗಣಿತ ಮೊದಲೋ?

ಕ್ಯೂಬಿಟ್ಟು_ಕೆಟ್ಟೆ: ಕೋರ್ಸಿಗೆ ಮಾತ್ರ ದುಡ್ಡು ಸುರಿಯಬೇಡಿ ಸರ್. ನಾನು ಒಂದು ಕೋಚಿಂಗ್‌ಗೆ ಕಟ್ಟಿದ್ದು ₹45,000, ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹53,100. ಸರ್ಟಿಫಿಕೇಟಿಗೆ ಬೇರೆ ₹750. ಕಲಿಸಿದ್ದು ಹಳೇ ಕಿಸ್ಕಿಟ್ (ಕ್ವಾಂಟಮ್ ಪ್ರೋಗ್ರಾಮ್ ಬರೆಯೋ ಐಬಿಎಂ ತಂತ್ರಾಂಶ)! 2024ರಲ್ಲಿ ಅದರ 1.0 ಬಂದಾಗಲೇ ಪ್ರೋಗ್ರಾಮ್ ಓಡಿಸುವ 'ಎಕ್ಸಿಕ್ಯೂಟ್' ಫಂಕ್ಷನ್ ಹೋಗಿತ್ತು. ನೋಟ್ಸಿನ ಯಾವ ಪ್ರೋಗ್ರಾಮ್ ಹಾಕಿದರೂ ಮೊದಲ ಸಾಲಿಗೇ ಇಂಪೋರ್ಟ್ ಎರರ್. ಕೇಳಿದರೆ 'ಹೊಸ ಬ್ಯಾಚಿಗೆ ಸೇರಿ, ₹12,000' ಅಂದರು.

ಹಾಳೆ_ಪೆನ್ನು: ಗಣಿತವೇ ಮೊದಲು. ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಬಿಟ್) ಅಂದರೆ ಗಾಳಿಯಲ್ಲಿ ತಿರುಗೋ ನಾಣ್ಯ ಅಂತ ಪಾಠ ಮಾಡುವವರನ್ನು ಕಂಡರೆ ಮೈ ಉರಿಯುತ್ತದೆ. ನಾಣ್ಯವನ್ನು ಎರಡು ಸಲ ಚಿಮ್ಮಿದರೂ ಏನು ಬೀಳುತ್ತದೋ ಹೇಳೋಕಾಗಲ್ಲ. ಕ್ಯೂಬಿಟ್ ಹಾಗಲ್ಲ. 0ಯಲ್ಲಿರುವ ಕ್ಯೂಬಿಟ್ಟಿಗೆ ಹೆಚ್ ಗೇಟ್ (0, 1 ಎರಡನ್ನೂ ಸಮನಾಗಿ ಬೆರೆಸುವ ಕ್ರಿಯೆ) ಹಾಕಿ ಅಳೆದರೆ ಅರ್ಧ ಸಲ 0, ಅರ್ಧ ಸಲ 1. ಅಳೆಯದೆ ಇನ್ನೊಂದು ಹೆಚ್ ಹಾಕಿ ನೋಡಿ, ಪ್ರತಿ ಸಲ 0 ಬರುತ್ತದೆ. 1ಕ್ಕೆ ಹೋಗುವ ಎರಡು ದಾರಿಯಲ್ಲಿ ಒಂದರ ಪಾಲು (ಆಂಪ್ಲಿಟ್ಯೂಡ್) +½, ಇನ್ನೊಂದರದು −½. ಎರಡೂ ಹೊಡೆದುಹೋಗುತ್ತವೆ. ಇದನ್ನು ಬಿಟ್ಟರೆ ಕ್ವಾಂಟಮ್ ಏನು ಉಳಿಯಿತು? ಹತ್ತನೇ ಕ್ಲಾಸಿನ ನನ್ನ ಮಗಳಿಗೆ ಅರ್ಥವಾಗಿದೆ.

ಕೋಲಾರ_ಕೋಡರ್: ನಿಮ್ಮ ಮಗಳು ಬುದ್ಧಿವಂತೆ, ಸಂತೋಷ. ನಾನು ಪಾಠ ಮಾಡುವ ಕಡೆ ಮೈನಸ್ ಅಂದ ಕೂಡಲೇ ಹಿಂದಿನ ಬೆಂಚು ಆಕಳಿಸುತ್ತದೆ. ನಾಣ್ಯ ಹೇಳಿಯೇ ನಾನು ಕೂರಿಸಿದ್ದು. ಸಿಮ್ಯುಲೇಟರ್‌ಗೆಂದೇ (ಮಾಮೂಲಿ ಕಂಪ್ಯೂಟರಿನಲ್ಲೇ ಕ್ಯೂಬಿಟ್ಟುಗಳನ್ನು ಅನುಕರಿಸುವ ಪ್ರೋಗ್ರಾಮ್) 32 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ತಗೊಂಡೆ, ₹92,000, ಕಂತು ಇನ್ನೂ ಮುಗಿದಿಲ್ಲ. 30 ಕ್ಯೂಬಿಟ್ಟಿಗೇ 16 ಜಿಬಿ ಬೇಕು, ಒಂದು ಜಾಸ್ತಿ ಆದರೆ ಡಬಲ್. 31 ಹಿಡಿಯಲಿಲ್ಲ, ವಿಂಡೋಸೇ ಒಂದಿಷ್ಟು ತಿಂದಿರುತ್ತದಲ್ಲ.

ಹಾಳೆ_ಪೆನ್ನು: ನಾಣ್ಯಕ್ಕೆ 32 ಜಿಬಿ ಯಾಕೆ ಬೇಕಿತ್ತೋ! ಎರಡು ಕ್ಯೂಬಿಟ್ ಫೋನಲ್ಲೂ ಓಡುತ್ತದೆ.

ಸುಮ್ನೆ_ಬಂದೆ: ಐಬಿಎಂ 2016ರಲ್ಲೇ 5 ಕ್ಯೂಬಿಟ್‌ನ ನಿಜವಾದ ಯಂತ್ರವನ್ನು ನೆಟ್‌ನಲ್ಲಿ ಎಲ್ಲರಿಗೂ ಬಿಟ್ಟಿತ್ತು. ಸಿಮ್ಯುಲೇಟರ್ ಯಾರಿಗೆ ಬೇಕು?

ಕೋಲಾರ_ಕೋಡರ್: ನೀವು ಓಡಿಸಿ ನೋಡಿದ್ದೀರಾ? ಒಂದಕ್ಕೊಂದು ಬೆಸೆದ (ಎಂಟ್ಯಾಂಗಲ್ ಆದ) ಎರಡು ಕ್ಯೂಬಿಟ್ ಅಳೆದಾಗ 00, 11 ಮಾತ್ರ ಬರಬೇಕಾದ ಕಡೆ 01, 10 ಕೂಡ ಇಣುಕುತ್ತವೆ. ಮಕ್ಕಳು ಯಾಕೆ ಅಂತ ಕೇಳಿದರೆ ನಾಯ್ಸ್ (ಯಂತ್ರದಲ್ಲಿ ನುಸುಳುವ ತಪ್ಪು) ಪುರಾಣ ಬೇರೆ ಶುರು.

ಸುಮ್ನೆ_ಬಂದೆ: ಅದೇ ಅಸಲಿ ಪಾಠ ಅಲ್ವಾ? 2019ರಲ್ಲಿ ಗೂಗಲ್ 53 ಕ್ಯೂಬಿಟ್ ಇಟ್ಟುಕೊಂಡು ಸೂಪರ್‌ಕಂಪ್ಯೂಟರಿಗೆ 10,000 ವರ್ಷ ಹಿಡಿಯುವ ಕೆಲಸ 200 ಸೆಕೆಂಡಿನಲ್ಲಿ ಮುಗಿಸಿದೆವು ಅಂತು.

ಹಾಳೆ_ಪೆನ್ನು: ಸೂಪರ್‌ಕಂಪ್ಯೂಟರಿಗೆ ಎರಡೂವರೆ ದಿನ ಸಾಕು ಅಂತ ಐಬಿಎಂ ಆಗಲೇ ಹೇಳಿತ್ತು. ಅರ್ಧ ಓದಿ ಬರಬೇಡಿ.

ಕ್ಯೂಬಿಟ್ಟು_ಕೆಟ್ಟೆ: ಕೋಲಾರದವರೇ, ಆ ಲ್ಯಾಪ್‌ಟಾಪ್ ಮಾರ್ತೀರಾ?

ಕೋಲಾರ_ಕೋಡರ್: ಬಾಕಿ ಕಂತು ನೀವೇ ಕಟ್ಟೋದಾದರೆ ಹೇಳಿ.